ಬ್ಯಾಟರಿ ಬದಲಿಸುವ ಮೊದಲು ಮೀಟರ್ ಹಿಡಿಯಿರಿ

ಕಲಬುರಗಿಯಲ್ಲಿ ಏಪ್ರಿಲ್ ಬಂತೆಂದರೆ ಬ್ಯಾಟರಿ ಅಂಗಡಿಗಳ ಮುಂದೆ ಬೈಕುಗಳು ಸಾಲುಗಟ್ಟತೊಡಗುತ್ತವೆ. ರಾತ್ರಿ ಚೆನ್ನಾಗಿಯೇ ಇದ್ದ ಗಾಡಿ ಬೆಳಿಗ್ಗೆ ಸೆಲ್ಫ್ ಒತ್ತಿದರೆ ರಿಲೇಯ ‘ಟಕ್ ಟಕ್’ ಸದ್ದನ್ನಷ್ಟೇ ಮಾಡುತ್ತದೆ, ಹಾರ್ನ್ ಕ್ಷೀಣವಾಗುತ್ತದೆ, ಮೀಟರ್ ಬೋರ್ಡಿನ ದೀಪಗಳು ಒಮ್ಮೆ ಹೊತ್ತಿ ನಂದಿಹೋಗುತ್ತವೆ. ಅಂಗಡಿಗೆ ಹೋದರೆ ಹೊಸ ಬ್ಯಾಟರಿ ಹಾಕಿಕೊಡುತ್ತಾರೆ. ಹೀಗೆ ಹಾಕಿಸಿಕೊಂಡವರಲ್ಲಿ ಹಲವರು ಮಳೆಗಾಲ ಮುಗಿಯುವುದರೊಳಗೆ ಅದೇ ದೂರು ಹೊತ್ತು ಮತ್ತೆ ಅದೇ ಅಂಗಡಿಯ ಮುಂದೆ ನಿಂತಿರುವುದನ್ನು ನಾನು ಕಂಡಿದ್ದೇನೆ. ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಕಲಿತವನಾದ ಕಾರಣ ನಮ್ಮ ಬಳಗದವರ ಗಾಡಿಗಳ ವೈರಿಂಗ್ ಕೆಲಸ ನನ್ನ ಪಾಲಿಗೇ ಬರುತ್ತದೆ, ಮತ್ತು ಆ ಅನುಭವದಿಂದ ಒಂದು ಮಾತನ್ನು ಖಚಿತವಾಗಿ ಹೇಳಬಲ್ಲೆ: ಹೊಸದಾಗಿ ಹಾಕಿದ ಬ್ಯಾಟರಿಯೂ ಬೇಗ ಸತ್ತರೆ, ಕಾರಣ ಬಹಳ ಮಟ್ಟಿಗೆ ಬ್ಯಾಟರಿಯ ಹೊರಗೆ ಇರುತ್ತದೆ. ಅದನ್ನು ಊಹಿಸುತ್ತ ಒಂದೊಂದೇ ಭಾಗ ಬದಲಿಸುವುದು ದುಬಾರಿ ದಾರಿ. ಅಳೆದು ನೋಡುವುದು ಅಗ್ಗದ ದಾರಿ. ಅಳೆಯಲು ಬೇಕಾದ ಡಿಜಿಟಲ್ ಮಲ್ಟಿಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ.

ನನ್ನ ಅಕ್ಕನ ಮಗ ವಾಡಿಯಲ್ಲಿ ಕೆಲಸಕ್ಕಿದ್ದಾನೆ. ಸೇಡಂ ರಸ್ತೆಯ ಕಡೆಯ ಮನೆಯಿಂದ ರೈಲು ನಿಲ್ದಾಣದವರೆಗೆ ಬೈಕು, ಅಲ್ಲಿಂದ ಶಹಾಬಾದ್ ಮೇಲೆ ಹಾದು ವಾಡಿಗೆ ರೈಲು. ಸಂಜೆ ಆತ ಇಳಿದು ಬರುವ ತನಕ ಗಾಡಿ ಸ್ಟ್ಯಾಂಡಿನ ಬಿಸಿಲಿನಲ್ಲಿ ನಿಂತಿರುತ್ತದೆ. ಫ್ಯೂಯೆಲ್ ಇಂಜೆಕ್ಷನ್ ಇರುವ, ಕಿಕ್ ಇಲ್ಲದ ಗಾಡಿ ಅದು. ಮೊದಲ ಬ್ಯಾಟರಿ ಹೋಯಿತೆಂದು ಹೊಸದನ್ನು ಹಾಕಿಸಿದ್ದ, ಅದೂ ಬೇಗನೆ ಕೈಕೊಟ್ಟಿತು. “ಮಾಮಾ, ಹೊಸಾ ಬ್ಯಾಟ್ರಿನೂ ಡೌನ್ ಆಗ್ಯಾದ ನೋಡ್ರಿ. ಮಿಸ್ತ್ರಿ ಈಗ ಕಾಯಿಲ್ ಪ್ಲೇಟ್ ಬದಲ್ ಮಾಡಬೇಕ್ ಅಂತಾನ” ಎಂದು ಆತ ಫೋನ್ ಮಾಡಿದಾಗ, “ಏನೂ ಬಿಚ್ಚಿಸಬ್ಯಾಡ, ಮೊದಲ ಗಾಡಿ ಮನಿಗಿ ತಗೊಂಡ್ ಬಾ” ಎಂದೆ. ಆ ಗಾಡಿಯ ಮೇಲೆ ನಡೆಸಿದ ಪರೀಕ್ಷೆಗಳನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಇವುಗಳಲ್ಲಿ ಯಾವುದಕ್ಕೂ ಗ್ಯಾರೇಜಿನ ದೊಡ್ಡ ಉಪಕರಣ ಬೇಡ, ಅಂಗಳದಲ್ಲಿ ಕುಳಿತು ಮಾಡಬಹುದು.

ಬ್ಯಾಟರಿಯನ್ನು ನೀರಿನ ಕೊಡವೆಂದು ಎಣಿಸಿದರೆ ವಿಚಾರ ಸುಲಭವಾಗುತ್ತದೆ. ಬೆಳಗಾಗುವಷ್ಟರಲ್ಲಿ ಕೊಡ ಬರಿದಾಗಿದ್ದರೆ ಕೇಳಬೇಕಾದ ಪ್ರಶ್ನೆಗಳು ಮೂರೇ: ಕೊಡಕ್ಕೆ ಹಿಡಿದಿಡುವ ಶಕ್ತಿ ಇದೆಯೇ, ಅದಕ್ಕೆ ನಿತ್ಯ ತುಂಬುವಷ್ಟು ನೀರು ಬರುತ್ತಿದೆಯೇ, ಅಥವಾ ಎಲ್ಲಿಯಾದರೂ ಸೋರುತ್ತಿದೆಯೇ? ಅಂಗಡಿಯವರು ಉತ್ತರಿಸುವುದು ಮೊದಲ ಪ್ರಶ್ನೆಗೆ ಮಾತ್ರ. ಉಳಿದೆರಡನ್ನು ಕೇಳದೆ ಬಿಟ್ಟರೆ ಎಷ್ಟು ಕೊಡ ತಂದರೂ ಫಲವಿಲ್ಲ.

ಮೊದಲ ಪ್ರಶ್ನೆಗೆ ಉತ್ತರ ವೋಲ್ಟೇಜಿನಲ್ಲಿದೆ. ನಮ್ಮ ಬೈಕುಗಳಲ್ಲಿರುವುದು ಬಹುತೇಕ 12 ವೋಲ್ಟಿನ ಸೀಸ–ಆಮ್ಲದ ಬ್ಯಾಟರಿ. ಫ್ರಾನ್ಸಿನ ಗಾಸ್ಟೋನ್ ಪ್ಲಾಂಟೆ 1859ರಲ್ಲಿ ರೂಪಿಸಿದ ತತ್ವವೇ ಇಂದಿಗೂ ಅದರೊಳಗೆ ನಡೆಯುತ್ತಿದೆ. ಒಳಗೆ ಆರು ಸೆಲ್‌ಗಳಿದ್ದು, ತುಂಬಿದಾಗ ಪ್ರತಿ ಸೆಲ್ ಸುಮಾರು 2.1 ವೋಲ್ಟ್ ಕೊಡುತ್ತದೆ. ಆದ್ದರಿಂದ ಪೂರ್ತಿ ಚಾರ್ಜ್ ಆಗಿ ವಿಶ್ರಾಂತಿಯಲ್ಲಿರುವ ಬ್ಯಾಟರಿ 12.6ರಿಂದ 12.8 ವೋಲ್ಟ್ ತೋರಿಸಬೇಕು. 12.4 ಎಂದರೆ ಮುಕ್ಕಾಲು ಪಾಲು, 12.2 ಎಂದರೆ ಹತ್ತಿರ ಹತ್ತಿರ ಅರ್ಧ, 12.0 ಎಂದರೆ ಕಾಲು ಭಾಗ, 11.8ಕ್ಕೆ ಇಳಿದರೆ ಬರಿದಾದಂತೆಯೇ. ‘ಹನ್ನೆರಡು ವೋಲ್ಟಿನ ಬ್ಯಾಟರಿ, ಹನ್ನೆರಡು ತೋರಿಸುತ್ತಿದೆ, ಸರಿಯಾಗಿದೆ’ ಎಂದು ಹೇಳುವವರು ಬಹಳ ಮಂದಿ ಇದ್ದಾರೆ. ಆ ಹನ್ನೆರಡು ವಾಸ್ತವದಲ್ಲಿ ಮುಕ್ಕಾಲು ಪಾಲು ಬರಿದಾದ ಬ್ಯಾಟರಿಯ ಗುರುತು. ಗಾಡಿ ಓಡಿಸಿ ನಿಲ್ಲಿಸಿದ ಕೂಡಲೇ ಅಳೆದರೆ ಅಂಕಿ ಸುಳ್ಳಾಗಿ ಹೆಚ್ಚು ಬರುತ್ತದೆ. ಹೀಗಾಗಿ ರಾತ್ರಿಯೆಲ್ಲ ನಿಂತ ಮೇಲೆ, ಬೆಳಿಗ್ಗೆ ಕೀಲಿ ಹಾಕುವ ಮೊದಲೇ ಅಳೆಯಬೇಕು. ಅಳಿಯನ ಗಾಡಿಯಲ್ಲಿ ಆಗ ಸಿಕ್ಕಿದ್ದು 12.0.

ವಿಶ್ರಾಂತಿಯ ವೋಲ್ಟೇಜ್ ಮಾತ್ರ ಸಾಲದು. ಬ್ಯಾಟರಿಯನ್ನು ಹೊರಗೆ ತೆಗೆದು ಪೂರ್ತಿ ಚಾರ್ಜ್ ಮಾಡಿ, ಮತ್ತೆ ಕೂರಿಸಿ, ಮೀಟರಿನ ಕಡ್ಡಿಗಳನ್ನು ಎರಡೂ ಟರ್ಮಿನಲ್‌ಗಳ ಮೇಲಿಟ್ಟು ಸೆಲ್ಫ್ ಒತ್ತಬೇಕು. ಇಂಜಿನ್ ತಿರುಗುವ ಆ ಕ್ಷಣದಲ್ಲಿ ವೋಲ್ಟೇಜ್ 10ರ ಆಸುಪಾಸಿನಲ್ಲಿ ನಿಂತರೆ ಬ್ಯಾಟರಿ ಗಟ್ಟಿಯಾಗಿದೆ. ಪೂರ್ತಿ ಚಾರ್ಜ್ ಆಗಿದ್ದೂ 9.6ಕ್ಕಿಂತ ಕೆಳಗೆ, ಅದರಲ್ಲೂ 8ಕ್ಕೋ 7ಕ್ಕೋ ಕುಸಿದರೆ ಒಳಗಿನ ಪ್ಲೇಟುಗಳು ಸತ್ವ ಕಳೆದುಕೊಂಡಿವೆ ಎಂದು ತಿಳಿಯಬೇಕು. ಚಾರ್ಜ್ ಮಾಡಿದ ಮೇಲೂ 10.5 ವೋಲ್ಟಿಗಿಂತ ಏರದೆ ನಿಂತರೆ ಆರರಲ್ಲಿ ಒಂದು ಸೆಲ್ ಪೂರ್ತಿ ಕೆಟ್ಟಿದೆ. ಅಂಥ ಬ್ಯಾಟರಿಗೆ ಯಾವ ಚಿಕಿತ್ಸೆಯೂ ಇಲ್ಲ, ಬದಲಿಸಲೇಬೇಕು. ಅಳಿಯನ ಬ್ಯಾಟರಿಯನ್ನು ಸಣ್ಣ ಚಾರ್ಜರಿನಲ್ಲಿ ರಾತ್ರಿಯಿಡೀ ಇಟ್ಟ ಮೇಲೆ 12.7ಕ್ಕೆ ಬಂತು, ಸೆಲ್ಫ್ ಒತ್ತಿದಾಗ 10.4ರಲ್ಲಿ ನಿಂತಿತು. ಅಂದರೆ ‘ಡೌನ್ ಆಗ್ಯಾದ’ ಎಂದು ಆತ ಹೇಳಿದ್ದ ಆ ಬ್ಯಾಟರಿ ಆರೋಗ್ಯವಾಗಿಯೇ ಇತ್ತು.

ಎರಡನೆಯ ಪ್ರಶ್ನೆ ಚಾರ್ಜಿಂಗ್‌ಗೆ ಸಂಬಂಧಿಸಿದ್ದು. ಇಂಜಿನ್ನಿನ ಒಂದು ಬದಿಯಲ್ಲಿ ತಿರುಗುವ ಮ್ಯಾಗ್ನೆಟ್ಟಿನ ಒಳಗೆ ಕಾಯಿಲ್ ಪ್ಲೇಟ್ ಇರುತ್ತದೆ. ಅದು ಎಸಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಆ ಎಸಿಯನ್ನು ಡಿಸಿಯಾಗಿ ಬದಲಿಸಿ, ಬ್ಯಾಟರಿಗೆ ತಕ್ಕ ಮಿತಿಯಲ್ಲಿ ಹಿಡಿದಿಡುವುದು ರೆಗ್ಯುಲೇಟರ್–ರೆಕ್ಟಿಫೈಯರ್, ಚುಟುಕಾಗಿ ಆರ್‌ಆರ್ ಯುನಿಟ್ಟಿನ ಕೆಲಸ. ಇವೆರಡೂ ಸರಿಯಾಗಿವೆಯೇ ಎಂದು ತಿಳಿಯಲು ಏನನ್ನೂ ಬಿಚ್ಚಬೇಕಾಗಿಲ್ಲ. ಇಂಜಿನ್ ಶುರುಮಾಡಿ, ಹೆಡ್‌ಲೈಟ್ ಉರಿಯುತ್ತಿರುವಾಗಲೇ ಬ್ಯಾಟರಿ ಟರ್ಮಿನಲ್‌ಗಳಲ್ಲಿ ವೋಲ್ಟೇಜ್ ನೋಡಿ, ನಿಧಾನವಾಗಿ ಆ್ಯಕ್ಸಿಲರೇಟರ್ ತಿರುಗಿಸಿ ಇಂಜಿನ್ ವೇಗವನ್ನು ನಿಮಿಷಕ್ಕೆ 4000 ಸುತ್ತಿನ ಆಸುಪಾಸಿಗೆ ತನ್ನಿ. ವೋಲ್ಟೇಜ್ 13.5ರಿಂದ 14.5ರ ನಡುವೆ ಏರಿ ನಿಂತರೆ ಕಾಯಿಲ್ ಪ್ಲೇಟೂ ಆರ್‌ಆರ್ ಯುನಿಟ್ಟೂ ಕೆಲಸ ಮಾಡುತ್ತಿವೆ. 15 ದಾಟಿದರೆ ಆರ್‌ಆರ್ ಯುನಿಟ್ ಹಿಡಿತ ಕಳೆದುಕೊಂಡಿದೆ. ಬ್ಯಾಟರಿಯ ನೀರು ಬೇಗ ಆರುವುದು, ಪೆಟ್ಟಿಗೆ ಉಬ್ಬುವುದು, ಬಲ್ಬುಗಳು ಮೇಲಿಂದ ಮೇಲೆ ಸುಡುವುದು ಇದರ ಲಕ್ಷಣಗಳು. ಎಷ್ಟು ತಿರುಗಿಸಿದರೂ 12.5ರ ಸುತ್ತಲೇ ಉಳಿದರೆ ಚಾರ್ಜ್ ಬರುತ್ತಿಲ್ಲ.

ಚಾರ್ಜ್ ಬಾರದಿದ್ದಾಗ ತಕ್ಷಣ ಕಾಯಿಲ್ ಪ್ಲೇಟಿನ ಮೇಲೆ ಆರೋಪ ಹೊರಿಸುವ ಮೊದಲು ಆರ್‌ಆರ್ ಯುನಿಟ್ಟಿಗೆ ಹೋಗುವ ಕಪ್ಲರನ್ನು, ಅಂದರೆ ತಂತಿಗಳನ್ನು ಒಂದಕ್ಕೊಂದು ಸಿಕ್ಕಿಸುವ ಪ್ಲಾಸ್ಟಿಕ್ ಜೋಡಣೆಯನ್ನು, ಬಿಚ್ಚಿ ನೋಡಬೇಕು. ಬಿಳಿಯ ಪ್ಲಾಸ್ಟಿಕ್ ಕಂದಾಗಿದೆಯೇ, ಒಳಗಿನ ಪಿನ್ ಸುಟ್ಟು ಸಡಿಲಾಗಿದೆಯೇ ಎಂದು ಪರೀಕ್ಷಿಸಬೇಕು. ಅಲ್ಲಿ ದೋಷ ಸಿಕ್ಕರೆ ಖರ್ಚು ಕಪ್ಲರಿಗಷ್ಟೇ. ಕಪ್ಲರ್ ಚೆನ್ನಾಗಿದ್ದರೆ ಅದನ್ನು ಬಿಚ್ಚಿಟ್ಟೇ ಇಂಜಿನ್ ಓಡಿಸಿ, ಕಾಯಿಲ್ ಪ್ಲೇಟಿನಿಂದ ಬರುವ ತಂತಿಗಳಲ್ಲಿ ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಅಳೆಯಬೇಕು. ಮೂರು ಹಳದಿ ತಂತಿಗಳಿರುವ ಗಾಡಿಯಲ್ಲಿ ಎರಡೆರಡರ ನಡುವೆ ಅಳೆದರೆ ಮೂರು ಜೋಡಿಗಳಲ್ಲೂ ಅಂಕಿ ಹತ್ತಿರ ಹತ್ತಿರ ಒಂದೇ ಇರಬೇಕು ಮತ್ತು ಇಂಜಿನ್ ವೇಗದೊಂದಿಗೆ ಏರಬೇಕು. ಒಂದು ಜೋಡಿ ಮಾತ್ರ ಹಿಂದೆ ಬಿದ್ದರೆ, ಅಥವಾ ಇಂಜಿನ್ ನಿಲ್ಲಿಸಿ ಓಮ್ ಅಳತೆಯಲ್ಲಿ ನೋಡಿದಾಗ ಯಾವುದಾದರೂ ಹಳದಿ ತಂತಿಗೂ ಇಂಜಿನ್ನಿನ ಲೋಹಕ್ಕೂ ಸಂಪರ್ಕ ತೋರಿಸಿದರೆ ಮಾತ್ರ ಕಾಯಿಲ್ ಪ್ಲೇಟ್ ಸುಟ್ಟಿದೆ ಎನ್ನಬಹುದು. ಇಷ್ಟು ಪರೀಕ್ಷೆ ಮಾಡದೆ ಇಂಜಿನ್ ಕವರ್ ಬಿಚ್ಚುವುದಕ್ಕೆ ನಾನು ಒಪ್ಪುವುದಿಲ್ಲ. ಕವರಿನ ಗ್ಯಾಸ್ಕೆಟ್ ಹೋಗುತ್ತದೆ, ಆಯಿಲ್ ಸೋರುತ್ತದೆ, ಕೂಲಿಯೂ ಹೆಚ್ಚು. ಅಳಿಯನ ಗಾಡಿಯಲ್ಲಿ ಚಾರ್ಜಿಂಗ್ 14.1 ತೋರಿಸಿತು. ಕಾಯಿಲ್ ಪ್ಲೇಟ್ ಬದಲಿಸುವ ಮಾತು ಅಲ್ಲಿಗೆ ಮುಗಿಯಿತು.

ಇಲ್ಲಿ ಒಂದು ಎಚ್ಚರಿಕೆ: ಇಂಜಿನ್ ಓಡುತ್ತಿರುವಾಗ ಬ್ಯಾಟರಿಯ ತಂತಿ ಕಳಚಿ ‘ಗಾಡಿ ನಿಂತರೆ ಚಾರ್ಜಿಂಗ್ ಇಲ್ಲ’ ಎಂದು ಪರೀಕ್ಷಿಸುವ ಹಳೆಯ ಪದ್ಧತಿಯನ್ನು ಇಂದಿನ ಗಾಡಿಗಳ ಮೇಲೆ ಮಾಡಲೇಬಾರದು. ಬ್ಯಾಟರಿ ಇಲ್ಲದ ಆ ಕ್ಷಣದಲ್ಲಿ ವೋಲ್ಟೇಜ್ ಜಿಗಿದು ಇಸಿಯು (ಇಂಜಿನ್ನನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಸುಟ್ಟುಹೋಗಬಹುದು, ಮತ್ತು ಇಸಿಯು ಬೆಲೆಗೆ ಹಲವು ಬ್ಯಾಟರಿಗಳು ಬರುತ್ತವೆ.

ಚಾರ್ಜಿಂಗ್ ಸರಿಯಾಗಿದ್ದೂ ಸಾಲದೆ ಹೋಗುವ ಸಂದರ್ಭವೂ ಇದೆ. 2017ರ ಏಪ್ರಿಲ್ 1ರಿಂದ ದೇಶದಲ್ಲಿ ಹೊಸ ದ್ವಿಚಕ್ರ ವಾಹನಗಳಿಗೆ ಇಂಜಿನ್ ಓಡುತ್ತಿರುವಷ್ಟೂ ಹೊತ್ತು ಹೆಡ್‌ಲೈಟ್ ಉರಿಯುವ ವ್ಯವಸ್ಥೆ ಕಡ್ಡಾಯವಾಯಿತು. 35 ವ್ಯಾಟಿನ ಹ್ಯಾಲೋಜನ್ ಬಲ್ಬ್ ಒಂದೇ ಮೂರು ಆಂಪಿಯರಿಗೆ ಹತ್ತಿರ ಎಳೆಯುತ್ತದೆ. ಅದರ ಮೇಲೆ ಫ್ಯೂಯೆಲ್ ಪಂಪ್, ಇಸಿಯು, ಬ್ರೇಕ್ ಲೈಟ್ ಇವುಗಳ ಪಾಲು ಬೇರೆ. ಜಗತ್ ವೃತ್ತದಿಂದ ಸೂಪರ್ ಮಾರ್ಕೆಟ್ ಕಡೆಗೆ ಸಂಜೆಯ ಹೊತ್ತು ಹೊರಟವರಿಗೆ ಗೊತ್ತು, ಇಂಜಿನ್ ಹೆಚ್ಚು ಹೊತ್ತು ಐಡ್ಲಿಂಗಿನಲ್ಲೇ ಇರುತ್ತದೆ, ಮತ್ತು ಆ ವೇಗದಲ್ಲಿ ಮ್ಯಾಗ್ನೆಟ್ ಹುಟ್ಟಿಸುವ ವಿದ್ಯುತ್ತು ಉರಿಯುವ ದೀಪಕ್ಕೇ ಸರಿಹೋಗುತ್ತದೆ. ಹೀಗಿರುವಾಗ ಫಾಗ್ ಲೈಟು, ಎರಡನೆಯ ಹಾರ್ನು ಸೇರಿಸಿದರೆ ಊರೊಳಗಿನ ಓಡಾಟದಲ್ಲಿ ಬ್ಯಾಟರಿ ತುಂಬುವುದಕ್ಕಿಂತ ಖಾಲಿಯಾಗುವುದೇ ಹೆಚ್ಚು. ಜೇವರ್ಗಿಗೋ ಆಳಂದಕ್ಕೋ ನಿತ್ಯ ಓಡಾಡುವವರ ಬ್ಯಾಟರಿ ಹೆಚ್ಚು ಬಾಳುವುದಕ್ಕೂ, ಊರೊಳಗಷ್ಟೇ ತಿರುಗುವವರ ಬ್ಯಾಟರಿ ಬೇಗ ಸೊರಗುವುದಕ್ಕೂ ಇದೇ ಮುಖ್ಯ ಕಾರಣ.

ಮೂರನೆಯ ಪ್ರಶ್ನೆಯೇ, ಅಂದರೆ ಸೋರಿಕೆಯೇ, ಹೆಚ್ಚಿನ ಜನ ನೋಡದೆ ಬಿಡುವಂಥದ್ದು. ಕೀಲಿ ತೆಗೆದು ಗಾಡಿ ನಿಲ್ಲಿಸಿದ ಮೇಲೂ ಬ್ಯಾಟರಿಯಿಂದ ಎಷ್ಟು ಕರೆಂಟ್ ಹೊರಗೆ ಹೋಗುತ್ತಿದೆ ಎಂದು ಅಳೆಯುವುದು ಇಲ್ಲಿಯ ಕೆಲಸ. ಮೀಟರಿನ ಕೆಂಪು ತಂತಿಯನ್ನು 10 ಆಂಪಿಯರ್ ಎಂದು ಬರೆದ ತೂತಿಗೆ ಬದಲಿಸಿ, ಗುಂಡಿಯನ್ನು ಡಿಸಿ ಆಂಪಿಯರಿಗೆ ತಿರುಗಿಸಬೇಕು. ಗಾಡಿಯ ಕೀಲಿ ಆಫ್ ಇರುವಾಗ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲಿನ ತಂತಿ ಕಳಚಿ, ಆ ಟರ್ಮಿನಲ್ಲಿಗೂ ಕಳಚಿದ ತಂತಿಗೂ ನಡುವೆ ಮೀಟರನ್ನು ಜೋಡಿಸಬೇಕು. ಈಗ ಗಾಡಿ ಸೆಳೆಯುವ ಕರೆಂಟೆಲ್ಲ ಮೀಟರಿನ ಮೂಲಕವೇ ಹರಿಯುತ್ತದೆ. ಜೋಡಿಸಿದ ಮೊದಲ ಕೆಲವು ಕ್ಷಣ ಅಂಕಿ ಹೆಚ್ಚು ಕಾಣಿಸಬಹುದು. ಇಸಿಯು ಮುಂತಾದವು ಸುಮ್ಮನಾಗಲು ಕೆಲವು ನಿಮಿಷ ಬಿಡಬೇಕು. ಮೀಟರ್ ಜೋಡಿಸಿರುವಷ್ಟು ಹೊತ್ತು ಕೀಲಿ ತಿರುಗಿಸಬಾರದು, ಸೆಲ್ಫ್ ಒತ್ತಲೇಬಾರದು. ಸೆಲ್ಫ್ ಮೋಟಾರಿನ ಕರೆಂಟನ್ನು ಸಣ್ಣ ಮೀಟರ್ ತಾಳಲಾರದು. ಕೆಲಸ ಮುಗಿದ ಕೂಡಲೇ ಕೆಂಪು ತಂತಿಯನ್ನು ವೋಲ್ಟಿನ ತೂತಿಗೆ ಹಿಂದಿರುಗಿಸಬೇಕು. ಮರೆತು ಅದೇ ಸ್ಥಿತಿಯಲ್ಲಿ ಬ್ಯಾಟರಿಯ ಎರಡು ಟರ್ಮಿನಲ್‌ಗಳಿಗೆ ಕಡ್ಡಿ ಮುಟ್ಟಿಸಿದರೆ ಅದು ನೇರ ಶಾರ್ಟ್ ಸರ್ಕಿಟ್, ಮತ್ತು ಅಗ್ಗದ ಮೀಟರುಗಳಲ್ಲಿ 10 ಆಂಪಿಯರಿನ ತೂತಿಗೆ ಫ್ಯೂಸ್ ಇಲ್ಲದಿರುವುದೇ ಹೆಚ್ಚು.

ಹೆಚ್ಚುವರಿ ಏನನ್ನೂ ಹಾಕಿಸದ ಗಾಡಿಯಲ್ಲಿ ಈ ಸೋರಿಕೆ ಒಂದೆರಡು ಮಿಲಿ ಆಂಪಿಯರಿನಷ್ಟಿರುತ್ತದೆ (ಮಿಲಿ ಆಂಪಿಯರ್ ಎಂದರೆ ಆಂಪಿಯರಿನ ಸಾವಿರದ ಒಂದು ಪಾಲು). ಗಡಿಯಾರ, ಇಸಿಯುವಿನ ನೆನಪು ಇವುಗಳಿಗೆ ಅಷ್ಟು ಬೇಕು. ಅಳಿಯನ ಗಾಡಿಯಲ್ಲಿ ಮೀಟರ್ ತೋರಿಸಿದ್ದು 43 ಮಿಲಿ ಆಂಪಿಯರ್. ಮುಖ್ಯ ಫ್ಯೂಸನ್ನು ಕಿತ್ತೆ, ಅಂಕಿ ಕದಲಲಿಲ್ಲ. ಇದು ಬಹಳ ಉಪಯುಕ್ತವಾದ ಸುಳಿವು. ಫ್ಯೂಸ್ ಕಿತ್ತಾಗ ಸೋರಿಕೆ ನಿಂತರೆ ದೋಷ ಗಾಡಿಯ ಸ್ವಂತ ವೈರಿಂಗಿನಲ್ಲಿದೆ, ಆಗ ಉಳಿದ ಫ್ಯೂಸುಗಳನ್ನೂ ಕಪ್ಲರುಗಳನ್ನೂ ಒಂದೊಂದಾಗಿ ಬಿಚ್ಚುತ್ತ, ಆರ್‌ಆರ್ ಯುನಿಟ್ಟನ್ನೂ ಬಿಡದೆ, ಯಾವುದನ್ನು ಬಿಚ್ಚಿದಾಗ ಅಂಕಿ ಇಳಿಯುತ್ತದೆ ಎಂದು ನೋಡಬೇಕು. ಆರ್‌ಆರ್ ಯುನಿಟ್ಟಿನ ಒಳಗಿನ ಡಯೋಡ್ ಕೆಟ್ಟರೆ ಗಾಡಿ ನಿಂತಾಗ ಬ್ಯಾಟರಿಯ ಕರೆಂಟ್ ಅದರ ಮೂಲಕವೇ ಹಿಂದಕ್ಕೆ ಹರಿದುಹೋಗುವುದುಂಟು. ಫ್ಯೂಸ್ ಕಿತ್ತ ಮೇಲೂ ಸೋರಿಕೆ ಹಾಗೆಯೇ ಇದ್ದರೆ ಯಾವುದೋ ವಸ್ತುವನ್ನು ನೇರವಾಗಿ ಬ್ಯಾಟರಿಯ ಟರ್ಮಿನಲ್ಲಿಗೇ ಕಟ್ಟಲಾಗಿದೆ ಎಂದು ಅರ್ಥ. ಸೀಟು ಎತ್ತಿ ನೋಡಿದಾಗ ಟರ್ಮಿನಲ್ಲಿನ ಬೋಲ್ಟಿನಡಿಯಲ್ಲಿ ಕಂಪನಿಯದಲ್ಲದ ಎರಡು ಜೊತೆ ತೆಳು ತಂತಿಗಳು ಕಂಡವು. ಒಂದು ಜಿಪಿಎಸ್ ಟ್ರ್ಯಾಕರಿನದು, ಸ್ಟ್ಯಾಂಡಿನಲ್ಲಿ ಗಾಡಿ ಕಳುವಾದೀತೆಂಬ ಅಂಜಿಕೆಯಿಂದ ಹಾಕಿಸಿದ್ದು. ಇನ್ನೊಂದು ಹ್ಯಾಂಡಲಿನ ಮೇಲಿನ ಮೊಬೈಲ್ ಚಾರ್ಜರಿನದು, ಅದರಲ್ಲಿ ವೋಲ್ಟೇಜ್ ತೋರಿಸುವ ಪುಟ್ಟ ಕೆಂಪು ಅಂಕಿಗಳು ಹಗಲು ರಾತ್ರಿ ಉರಿಯುತ್ತಿದ್ದವು. ಟ್ರ್ಯಾಕರ್ ಬಿಚ್ಚಿದಾಗ 43 ಇದ್ದದ್ದು 9ಕ್ಕೆ ಇಳಿಯಿತು, ಚಾರ್ಜರನ್ನೂ ಬಿಚ್ಚಿದಾಗ 1ಕ್ಕೆ ಬಂತು.

“ಇಷ್ಟು ಸಣ್ಣದಕ್ಕ ಇಷ್ಟ್ ದೊಡ್ಡ ಬ್ಯಾಟ್ರಿ ಹೋಗ್ತದೇನ್ ಮಾಮಾ?” ಎಂದು ಆತ ಕೇಳಿದ. ಕೇಳಬೇಕಾದ ಪ್ರಶ್ನೆಯೇ ಅದು, ಆದ್ದರಿಂದ ಲೆಕ್ಕವನ್ನು ಇಲ್ಲಿಯೂ ಬಿಡಿಸಿ ಬರೆಯುತ್ತೇನೆ. ಆತನ ಬ್ಯಾಟರಿ 5 ಆಂಪಿಯರ್ ಅವರಿನದು, ಅಂದರೆ ಒಂದು ಆಂಪಿಯರ್ ಕರೆಂಟನ್ನು ಐದು ತಾಸು ಕೊಡುವಷ್ಟು ಸಾಮರ್ಥ್ಯದ್ದು. ಸೆಲ್ಫ್ ಮೋಟಾರ್ 50 ಆಂಪಿಯರ್ ಎಳೆದು ಎರಡು ಸೆಕೆಂಡಿನಲ್ಲಿ ಇಂಜಿನ್ ಹೊತ್ತಿತು ಎಂದುಕೊಂಡರೆ, ಅದಕ್ಕೆ ಖರ್ಚಾಗುವುದು 0.03 ಆಂಪಿಯರ್ ಅವರಿಗಿಂತ ಕಡಿಮೆ. 43 ಮಿಲಿ ಆಂಪಿಯರಿನ ಸೋರಿಕೆಯಾದರೋ ಒಂದು ತಾಸಿಗೆ 0.043 ಆಂಪಿಯರ್ ಅವರ್ ತಿನ್ನುತ್ತದೆ. ಅಂದರೆ ಗಾಡಿ ಸುಮ್ಮನೆ ನಿಂತ ಪ್ರತಿ ತಾಸೂ ಒಂದು ಸಲ ಸೆಲ್ಫ್ ಹೊಡೆದದ್ದಕ್ಕಿಂತ ಹೆಚ್ಚು. ದಿನವೊಂದಕ್ಕೆ ಅದು ಸುಮಾರು ಒಂದು ಆಂಪಿಯರ್ ಅವರ್, ಬ್ಯಾಟರಿಯ ಐದನೆಯ ಒಂದು ಪಾಲು. ಇದನ್ನು ತುಂಬಿಕೊಡಲು ಇರುವುದು ಮನೆಯಿಂದ ನಿಲ್ದಾಣಕ್ಕೆ ಕಾಲು ತಾಸು, ನಿಲ್ದಾಣದಿಂದ ಮನೆಗೆ ಕಾಲು ತಾಸು. ದೀಪ, ಪಂಪು ಎಲ್ಲ ಕಳೆದು ಬ್ಯಾಟರಿಗೆ ಒಂದೂವರೆ ಆಂಪಿಯರ್ ಉಳಿಯುತ್ತದೆ ಎಂದು ಧಾರಾಳವಾಗಿ ಹಿಡಿದರೂ ಆ ಅರ್ಧ ತಾಸಿನಲ್ಲಿ ಸೇರುವುದು 0.75 ಆಂಪಿಯರ್ ಅವರ್ ಮಾತ್ರ. ಹೀಗೆ ನಿತ್ಯ ಕಾಲು ಆಂಪಿಯರ್ ಅವರ್ ಕೊರತೆ ಬೀಳುತ್ತ, ರಜೆಯ ದಿನ ಗಾಡಿ ಕದಲದೆ ನಿಂತಾಗ ಪೂರ್ತಿ ಒಂದರಷ್ಟು ಇಳಿಯುತ್ತ, ಎರಡು ವಾರದೊಳಗೆ ಹೊಸ ಬ್ಯಾಟರಿಯೂ ಸೆಲ್ಫ್ ಎತ್ತಲಾರದ ಸ್ಥಿತಿಗೆ ಬರುತ್ತದೆ. ಬ್ಯಾಟರಿ ಅರೆಬರೆ ಖಾಲಿಯಾಗಿ ಬಹಳ ದಿನ ಉಳಿದರೆ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ; ಆ ಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ಸಾಮರ್ಥ್ಯ ಮರಳುವುದಿಲ್ಲ. ಸೋರಿಕೆ ಬ್ಯಾಟರಿಯನ್ನು ಬರಿದು ಮಾಡುವುದಷ್ಟೇ ಅಲ್ಲ, ನಿಜವಾಗಿ ಕೊಲ್ಲುವುದು ಹೀಗೆ.

ಪರಿಹಾರ ಕಷ್ಟದ್ದಾಗಿರಲಿಲ್ಲ. ಮೊಬೈಲ್ ಚಾರ್ಜರಿಗೆ ಕೀಲಿ ಆನ್ ಆದಾಗ ಮಾತ್ರ ಕರೆಂಟ್ ಸಿಗುವಂತೆ ಸಣ್ಣ ರಿಲೇ ಮತ್ತು ಪ್ರತ್ಯೇಕ ಫ್ಯೂಸ್ ಹಾಕಿದೆವು. ಟ್ರ್ಯಾಕರಿಗೆ ಸದಾ ಕರೆಂಟ್ ಬೇಕೇ ಬೇಕು, ಆದರೆ ಅದರ ಸೆಟ್ಟಿಂಗಿನಲ್ಲಿ ಗಾಡಿ ನಿಂತಾಗ ಸ್ಲೀಪ್ ಮೋಡಿಗೆ ಹೋಗುವ ಆಯ್ಕೆ ಇತ್ತು. ಹಾಕಿಕೊಟ್ಟವರು ಅದನ್ನು ಚಾಲೂ ಮಾಡಿರಲಿಲ್ಲ. ಮಾಡಿದ ಮೇಲೆ ಒಟ್ಟು ಸೋರಿಕೆ 4 ಮಿಲಿ ಆಂಪಿಯರಿನಲ್ಲಿ ನಿಂತಿತು, ಅಂದರೆ ದಿನಕ್ಕೆ 0.1 ಆಂಪಿಯರ್ ಅವರ್. ಅದನ್ನು ನಿಲ್ದಾಣದವರೆಗಿನ ಓಟವೇ ತುಂಬಿಸುತ್ತದೆ. ಅಲಾರಂ, ಟ್ರ್ಯಾಕರ್, ಚಾರ್ಜರ್ ಇವುಗಳನ್ನು ಮಾರುವ ಅಂಗಡಿಗಳಲ್ಲಿ ನೇರವಾಗಿ ಬ್ಯಾಟರಿಗೆ ಕಟ್ಟುವುದು ಸಾಮಾನ್ಯವಾಗಿದೆ, ಏಕೆಂದರೆ ಅದು ಐದು ನಿಮಿಷದ ಕೆಲಸ. ಹಾಕಿಸುವವರು ‘ಕೀಲಿ ತೆಗೆದ ಮೇಲೆ ಇದು ಎಷ್ಟು ಎಳೆಯುತ್ತದೆ?’ ಎಂದು ಕೇಳಿ, ಅಲ್ಲಿಯೇ ಮೀಟರ್ ಹಿಡಿಸಿ ನೋಡಬೇಕು ಎಂಬುದು ನನ್ನ ಆಗ್ರಹ.

ಟರ್ಮಿನಲ್‌ಗಳ ವಿಷಯವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆದು, ಒಣಗಿಸಿ, ಬಿಗಿಯಾಗಿ ಕಟ್ಟಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಬೇಕು. ಕಳಚುವಾಗ ನೆಗೆಟಿವ್ ಮೊದಲು, ಕಟ್ಟುವಾಗ ಪಾಸಿಟಿವ್ ಮೊದಲು. ಅರ್ಥಿಂಗ್ ತಂತಿ ಇಂಜಿನ್ನಿಗೆ ಕೂಡುವ ಬೋಲ್ಟನ್ನೂ ಬಿಡಬಾರದು: ಸೆಲ್ಫ್ ಒತ್ತಿದಾಗ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲಿಗೂ ಇಂಜಿನ್ನಿನ ಲೋಹಕ್ಕೂ ನಡುವೆ ಅರ್ಧ ವೋಲ್ಟ್ ಕಾಣಿಸಿದರೆ ಆ ಸಂಪರ್ಕದಲ್ಲಿ ತುಕ್ಕೋ ಸಡಿಲವೋ ಇದೆ. ಶಹಾಬಾದ್, ವಾಡಿ, ಸೇಡಂ ಕಡೆಯ ಕಲ್ಲಿನ ಮತ್ತು ಸಿಮೆಂಟಿನ ಧೂಳಿನಲ್ಲಿ ಓಡಾಡುವ ಗಾಡಿಗಳ ಬ್ಯಾಟರಿಯ ಮೇಲ್ಮೈಯನ್ನು ಆಗಾಗ ಒರೆಸುವುದೂ ಅಗತ್ಯ. ಆಮ್ಲದ ಪಸೆಯೂ ಧೂಳೂ ಸೇರಿ ಎರಡು ಟರ್ಮಿನಲ್‌ಗಳ ನಡುವೆ ಕರೆಂಟ್ ಹರಿಯುವ ದಾರಿ ಮಾಡಿಕೊಡುತ್ತವೆ.

ಇನ್ನು ನಮ್ಮ ಬಿಸಿಲು. ಸೀಸ–ಆಮ್ಲದ ಬ್ಯಾಟರಿಯ ಆಯುಷ್ಯವನ್ನು ತಯಾರಕರು 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ತಾಪಮಾನಕ್ಕೆ ಲೆಕ್ಕ ಹಾಕುತ್ತಾರೆ. ಅಲ್ಲಿಂದ ಮೇಲೆ ಪ್ರತಿ 8ರಿಂದ 10 ಡಿಗ್ರಿ ಏರಿಕೆಗೆ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ರೂಢಿಯ ಅಂದಾಜು. ಕಲಬುರಗಿಯಲ್ಲಿ ಮೇ ತಿಂಗಳ ಮಧ್ಯಾಹ್ನ ನೆರಳಿನಲ್ಲೇ 40 ಡಿಗ್ರಿ ದಾಟುತ್ತದೆ, ಬಿಸಿಲಿನಲ್ಲಿ ನಿಂತ ಗಾಡಿಯ ಸೀಟಿನಡಿ ಇನ್ನೂ ಹೆಚ್ಚು. ಯಾವ ಕರೆಂಟನ್ನೂ ತೆಗೆಯದಿದ್ದರೂ ಬ್ಯಾಟರಿ ತನ್ನಷ್ಟಕ್ಕೆ ತಾನೇ ಖಾಲಿಯಾಗುವ ವೇಗವೂ ಶಾಖದೊಂದಿಗೆ ಹೆಚ್ಚುತ್ತದೆ. ಅದಕ್ಕಿಂತ ಮುಖ್ಯವಾದ, ಕಡಿಮೆ ಮಂದಿಗೆ ತಿಳಿದಿರುವ ಸಂಗತಿ ಒಂದಿದೆ. ಬ್ಯಾಟರಿ ಬಿಸಿಯಾದಷ್ಟೂ ಅದಕ್ಕೆ ಕೊಡಬೇಕಾದ ಚಾರ್ಜಿಂಗ್ ವೋಲ್ಟೇಜ್ ಕಡಿಮೆಯಾಗಬೇಕು, 20 ಡಿಗ್ರಿ ಹೆಚ್ಚಳಕ್ಕೆ ಸುಮಾರು ಅರ್ಧ ವೋಲ್ಟಿನಷ್ಟು. ಸಾಮಾನ್ಯ ಬೈಕಿನ ಆರ್‌ಆರ್ ಯುನಿಟ್ ಬ್ಯಾಟರಿಯ ಶಾಖವನ್ನು ಅಳೆಯುವುದಿಲ್ಲ. ಹೀಗಾಗಿ 25 ಡಿಗ್ರಿಯಲ್ಲಿ ಸರಿಯಾಗಿರುವ 14.4 ವೋಲ್ಟ್ ನಮ್ಮ ಬೇಸಿಗೆಯಲ್ಲಿ ಅತಿ ಚಾರ್ಜ್ ಆಗಿ ಪರಿಣಮಿಸಿ, ನೀರು ಅನಿಲವಾಗಿ ಹೋಗುತ್ತದೆ. ಮುಚ್ಚಳ ತೆಗೆಯಬಹುದಾದ ಬ್ಯಾಟರಿಯಾದರೆ ಮಾರ್ಚಿನಿಂದ ಜೂನಿನವರೆಗೆ ಹದಿನೈದು ದಿನಕ್ಕೊಮ್ಮೆ ಮಟ್ಟ ನೋಡಿ, ಮೇಲಿನ ಗೆರೆಯವರೆಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ನಮ್ಮ ಬೋರಿನ ನೀರು ಗಡಸು, ಅದರ ಲವಣ ಪ್ಲೇಟುಗಳನ್ನು ಕೆಡಿಸುತ್ತದೆ. ಆರ್‌ಒ ನೀರಿನಲ್ಲೂ ಸ್ವಲ್ಪ ಲವಣ ಉಳಿದಿರುತ್ತದೆ, ಅದೂ ಬೇಡ. ಆವಿಯಾಗುವುದು ನೀರು ಮಾತ್ರ, ಆಮ್ಲವಲ್ಲ. ಆದ್ದರಿಂದ ಮಟ್ಟ ಇಳಿದಿದೆ ಎಂದು ಆಸಿಡ್ ಹಾಕಿಸಬಾರದು.

ಬೇಸಿಗೆ ಮಾಡಿದ ಹಾನಿ ಕೆಲವೊಮ್ಮೆ ಚಳಿಗಾಲದಲ್ಲಿ ಬಯಲಾಗುತ್ತದೆ. ಬೀದರಿನಲ್ಲಿರುವ ನಮ್ಮ ಸಂಬಂಧಿಕರು ಡಿಸೆಂಬರಿನ ಬೆಳಗಿನಲ್ಲಿ ಸೆಲ್ಫ್ ಹತ್ತುತ್ತಿಲ್ಲ, ಚಳಿಗೆ ಬ್ಯಾಟರಿ ಕೆಟ್ಟಿತು ಎನ್ನುತ್ತಾರೆ. ತಂಪಿನಲ್ಲಿ ಆಯಿಲ್ ಗಟ್ಟಿಯಾಗಿ ಇಂಜಿನ್ ತಿರುಗಿಸಲು ಹೆಚ್ಚು ಬಲ ಬೇಕು, ಬ್ಯಾಟರಿಯೊಳಗಿನ ಕ್ರಿಯೆಯೂ ನಿಧಾನವಾಗುತ್ತದೆ ಎಂಬುದು ನಿಜ. ಆದರೆ ನಮ್ಮ ಕಡೆಯ ಚಳಿ ಒಳ್ಳೆಯ ಬ್ಯಾಟರಿಯನ್ನು ಸೋಲಿಸುವಷ್ಟು ತೀವ್ರವಲ್ಲ. ಮೇ ತಿಂಗಳಲ್ಲಿ ಸವೆದ ಪ್ಲೇಟುಗಳ ದೌರ್ಬಲ್ಯ ಡಿಸೆಂಬರಿನಲ್ಲಿ ಕಣ್ಣಿಗೆ ಬೀಳುತ್ತದೆ, ಅಷ್ಟೇ.

ಬೇಸಿಗೆ ರಜೆಗೆ ಊರಿಗೆ ಹೋಗುವ ಶಿಕ್ಷಕರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ, ಗಾಡಿಯನ್ನು ಮನೆಯಲ್ಲಿ ಬಿಟ್ಟು ಹೋಗುತ್ತಾರೆ. ಒಂದೇ ಮಿಲಿ ಆಂಪಿಯರ್ ಸೋರಿದರೂ 45 ದಿನದಲ್ಲಿ ಒಂದು ಆಂಪಿಯರ್ ಅವರ್ ದಾಟುತ್ತದೆ, ಅದರ ಮೇಲೆ ಶಾಖದಿಂದಾಗುವ ಇಳಿಕೆ ಬೇರೆ. ಹೋಗುವ ಮುನ್ನ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ನೆಗೆಟಿವ್ ತಂತಿಯನ್ನು ಕಳಚಿಟ್ಟರೆ ಸಾಕು. ಅದನ್ನು ಬಿಡಿಸಿ ಮನೆಯೊಳಗಿನ ತಂಪು ಮೂಲೆಯಲ್ಲಿ ಇಟ್ಟರೆ ಇನ್ನೂ ಒಳ್ಳೆಯದು.

ಚಾರ್ಜ್ ಮಾಡಿಸುವ ರೀತಿಯ ಬಗ್ಗೆಯೂ ಹೇಳಲೇಬೇಕು. ಬ್ಯಾಟರಿಯ ಸಾಮರ್ಥ್ಯದ ಹತ್ತನೆಯ ಒಂದು ಪಾಲಿನ ಕರೆಂಟು ಸುರಕ್ಷಿತ, ಅಂದರೆ 5 ಆಂಪಿಯರ್ ಅವರಿನದಕ್ಕೆ ಅರ್ಧ ಆಂಪಿಯರ್, ಹತ್ತು ತಾಸಿನ ಆಸುಪಾಸು. ಟ್ರ್ಯಾಕ್ಟರ್ ಮತ್ತು ಲಾರಿಗಳ ಬ್ಯಾಟರಿಗೆ ಇಟ್ಟ ದೊಡ್ಡ ಚಾರ್ಜರಿಗೆ ಬೈಕಿನ ಬ್ಯಾಟರಿಯನ್ನೂ ಸಿಕ್ಕಿಸಿ ಅರ್ಧ ತಾಸಿನಲ್ಲಿ ಬಿಸಿಬಿಸಿಯಾಗಿ ಕೈಗೆ ಕೊಡುವ ಕಡೆ ಅದನ್ನು ಬಿಡಬೇಡಿ; ಅಷ್ಟು ಕರೆಂಟಿಗೆ ಪ್ಲೇಟು ಬಾಗುತ್ತದೆ. ಹೊಸ ಬ್ಯಾಟರಿ ಕೊಳ್ಳುವಾಗಲೂ ಇದೇ ಎಚ್ಚರ ಬೇಕು. ಒಣ ಸ್ಥಿತಿಯಲ್ಲಿ ಬರುವ ಬ್ಯಾಟರಿಗೆ ಅಂಗಡಿಯಲ್ಲಿ ಆಸಿಡ್ ತುಂಬಿದ ಮೇಲೆ ಅರ್ಧ ತಾಸಾದರೂ ಬಿಟ್ಟು, ಆ ಮೇಲೆ ಕಡಿಮೆ ಕರೆಂಟಿನಲ್ಲಿ ಹಲವು ತಾಸು ಮೊದಲ ಚಾರ್ಜ್ ಕೊಡಬೇಕು. ಗಿರಾಕಿ ನಿಂತಿದ್ದಾನೆಂದು ಆಸಿಡ್ ಸುರಿದ ಕೂಡಲೇ ಗಾಡಿಗೆ ಕೂರಿಸಿದರೆ ಬ್ಯಾಟರಿ ಮೊದಲ ದಿನದಿಂದಲೇ ಪೂರ್ತಿ ತುಂಬದ ಸ್ಥಿತಿಯಲ್ಲಿ ದುಡಿಯಲು ಶುರುಮಾಡುತ್ತದೆ, ಮತ್ತು ಊರೊಳಗಿನ ಸಣ್ಣ ಓಟ ಆ ಕೊರತೆಯನ್ನು ತುಂಬಿಕೊಡುವುದಿಲ್ಲ. ಅವಸರವಿಲ್ಲ, ನಾಳೆ ಬಂದು ಒಯ್ಯುತ್ತೇನೆ ಎಂದು ಹೇಳಿ ಬಿಟ್ಟುಬನ್ನಿ. ಸೀಲ್ ಆಗಿ ಬರುವ ಬ್ಯಾಟರಿಯಾದರೆ ತಯಾರಾದ ತಿಂಗಳು ನೋಡಿ, ಅಂಗಡಿಯವರ ಮೀಟರಿನಲ್ಲೇ ವೋಲ್ಟೇಜ್ ಅಳೆಸಿ, 12.6ಕ್ಕಿಂತ ಕಡಿಮೆ ಇದ್ದರೆ ಚಾರ್ಜ್ ಮಾಡಿಕೊಡಲು ಕೇಳಿ, 12.4ಕ್ಕಿಂತ ಕಡಿಮೆ ಇದ್ದರೆ ಬೇರೆಯದನ್ನು ಕೇಳಿ.

ಹಳೆಯ ಬ್ಯಾಟರಿಯನ್ನು ಅದೇ ಅಂಗಡಿಗೆ ಹಿಂದಿರುಗಿಸಿ ಬೆಲೆಯಲ್ಲಿ ಕಳೆಸಿಕೊಳ್ಳಿ. ದೇಶದಲ್ಲಿ 2022ರಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣೆಯ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಯನ್ನು ಇತರ ಕಸದೊಂದಿಗೆ ಸೇರಿಸುವಂತಿಲ್ಲ, ಮತ್ತು ಅದನ್ನು ಮರುಬಳಕೆಗೆ ಒಯ್ಯುವ ಹೊಣೆ ತಯಾರಕರ ಮೇಲಿದೆ. ಗುಜರಿಗೆ ಹಾಕಿದರೆ ಸೀಸವನ್ನಷ್ಟೇ ತೆಗೆದುಕೊಂಡು ಆಸಿಡನ್ನು ಚರಂಡಿಗೋ ಬಯಲಿಗೋ ಸುರಿಯುವವರೂ ಇದ್ದಾರೆ; ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ವಿಷ. ಅಂಗಡಿಗೆ ಒಯ್ಯುವಾಗ ಬ್ಯಾಟರಿಯನ್ನು ನೆಟ್ಟಗೆ ನಿಲ್ಲಿಸಿ, ಟರ್ಮಿನಲ್‌ಗಳಿಗೆ ಟೇಪ್ ಸುತ್ತಿ, ಪ್ಲಾಸ್ಟಿಕ್ ಬುಟ್ಟಿಯಲ್ಲಿಟ್ಟು ಒಯ್ಯಿರಿ.